ಒಂದೇ ಕಂಬಕ್ಕೆ ಮೂರು ಡಿಶ್: ಕಾಸರಗೋಡಿನ ಮನೆಗಳಿಗೆ ಹೊಂದುವ ವಿಧಾನ

ಕುಂಬಳೆ, ಬದಿಯಡ್ಕ, ಪೆರ್ಲ, ಮಂಜೇಶ್ವರದ ಕಡೆ ಒಂದೇ ಮನೆಗೆ ಎರಡು ಮೂರು ಡಿಶ್ ಇರುವುದು ಹೊಸತಲ್ಲ. ಹಿರಿಯರಿಗೆ ಚಂದನ ಬೇಕು. ಅದಕ್ಕೆ ತಿಂಗಳ ಬಾಡಿಗೆಯಿಲ್ಲದ ಡಿಡಿ ಫ್ರೀ ಡಿಶ್ ಸಾಕು. ಕೇರಳ ಸರ್ಕಾರದ ಸುದ್ದಿ, ಶಾಲೆಗೆ ರಜೆ, ಮಳೆಯ ಎಚ್ಚರಿಕೆ ತಿಳಿಯಲು ಮಲಯಾಳಂ ಚಾನೆಲ್ ಬೇಕು. ಕ್ರಿಕೆಟ್ಟಿಗೆ ಮತ್ತೊಂದು ಕಂಪನಿಯ ಪ್ಯಾಕೇಜು. ಕೂಡುಕುಟುಂಬ ಪಾಲಾಗಿ ಒಂದೇ ಜಾಲಿನಲ್ಲಿ ಎರಡು ಒಲೆ ಹೊತ್ತಿಕೊಂಡರೆ ಡಿಶ್ಶೂ ಎರಡಾಗುತ್ತದೆ. 1956ರಲ್ಲಿ ಗಡಿ ಆಚೆ ಸರಿದ ಮೇಲೂ ಮನೆಯೊಳಗೆ ಕನ್ನಡ ಕೇಳುತ್ತಿರಬೇಕು ಎಂದು ಬಯಸುವ ನಮಗೆ ಇದು ಆಡಂಬರವಲ್ಲ. ಆದರೆ ಒಂದು ಡಿಶ್ ಸಜ್ಜೆಯ ಮೇಲೆ, ಇನ್ನೊಂದು ಹಟ್ಟಿಯ ಗೋಡೆಗೆ, ಮತ್ತೊಂದು ಟೆರೇಸಿನ ಮೂಲೆಗೆ ಎಂದು ಚೆದುರಿದರೆ ಮಳೆಗಾಲದಲ್ಲಿ ಒಂದೊಂದನ್ನೂ ಹುಡುಕಿಕೊಂಡು ಏಣಿ ಹಾಕಬೇಕಾಗುತ್ತದೆ. ಎಲ್ಲವನ್ನೂ ಒಂದೇ ಗಟ್ಟಿ ಕಂಬಕ್ಕೆ ತಂದರೆ ಕೇಬಲ್ಲು, ಅರ್ಥಿಂಗು, ದುರಸ್ತಿ ಎಲ್ಲವೂ ಒಂದೇ ಕಡೆ ಮುಗಿಯುತ್ತವೆ.

ಕಂಬ ಕೊಳ್ಳುವ ಮೊದಲು ಒಂದು ವಿಷಯ ಮನಸ್ಸಿಗೆ ಇಳಿಯಬೇಕು. ಅದು ತಿಳಿಯದೆ ಮಾಡಿದ ಕೆಲಸವನ್ನು ಬಿಚ್ಚಿ ಮತ್ತೆ ಮಾಡಬೇಕಾಗುತ್ತದೆ.

ನಮ್ಮ ಉಪಗ್ರಹಗಳು ನೆತ್ತಿಯ ಹತ್ತಿರ ಇವೆ

ವಿದೇಶದ ಚಿತ್ರಗಳಲ್ಲಿ, ವಿಡಿಯೊಗಳಲ್ಲಿ ಒಂದೇ ಕಂಬದ ಮೇಲೆ ನಾಲ್ಕು ಡಿಶ್‌ಗಳನ್ನು ಒಂದರ ಮೇಲೊಂದು ಕಟ್ಟಿರುವುದು ಕಾಣುತ್ತದೆ. ಅಲ್ಲಿಗೆ ಅದು ಸರಿ. ಟಿವಿ ಉಪಗ್ರಹಗಳೆಲ್ಲ ಭೂಮಧ್ಯರೇಖೆಯ ಮೇಲೆ ಸುಮಾರು 35,786 ಕಿಲೋಮೀಟರ್ ಎತ್ತರದಲ್ಲಿವೆ. ಲಂಡನ್, ಬರ್ಲಿನ್‌ಗಳಿಂದ ನೋಡಿದರೆ ಅವು ದಿಗಂತದಿಂದ ಹೆಚ್ಚೆಂದರೆ 30 ಡಿಗ್ರಿಯ ಆಸುಪಾಸಿನಲ್ಲಿರುತ್ತವೆ. ಡಿಶ್ ಮುಂದಕ್ಕೆ ನೋಡುತ್ತದೆ, ಮೇಲಿನ ಡಿಶ್ ಕೆಳಗಿನದಕ್ಕೆ ಅಡ್ಡ ಬರುವುದಿಲ್ಲ.

ಕಾಸರಗೋಡು ಇರುವುದು ಸುಮಾರು 12.5 ಡಿಗ್ರಿ ಉತ್ತರ ಅಕ್ಷಾಂಶ, 75 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಇಲ್ಲಿಂದ ಲೆಕ್ಕ ಹಾಕಿದರೆ ಸಿಗುವ ಕೋನಗಳು ಹೀಗಿವೆ. ಸಾಲಿನ ಮೊದಲ ಅಂಕಿ ಉಪಗ್ರಹ ನಿಂತಿರುವ ರೇಖಾಂಶ. ದಿಕ್ಕನ್ನು ಉತ್ತರದಿಂದ ಪ್ರದಕ್ಷಿಣವಾಗಿ, ಎತ್ತರವನ್ನು ದಿಗಂತದಿಂದ ಡಿಗ್ರಿಯಲ್ಲಿ ಅಳೆದದ್ದು.

83 ಡಿಗ್ರಿ ಪೂರ್ವ, ಟಾಟಾ ಪ್ಲೇ: ದಿಕ್ಕು 147, ಎತ್ತರ 72.5
88 ಡಿಗ್ರಿ, ಡಿ2ಎಚ್: ದಿಕ್ಕು 133, ಎತ್ತರ 69
93.5 ಡಿಗ್ರಿ, ಜಿಸ್ಯಾಟ್-15, ಡಿಡಿ ಫ್ರೀ ಡಿಶ್: ದಿಕ್ಕು 123, ಎತ್ತರ 64
95 ಡಿಗ್ರಿ, ಡಿಶ್ ಟಿವಿ: ದಿಕ್ಕು 120.5, ಎತ್ತರ 62.5
108.2 ಡಿಗ್ರಿ, ಏರ್‌ಟೆಲ್: ದಿಕ್ಕು 108, ಎತ್ತರ 49

ಮಂಜೇಶ್ವರದಿಂದ ಕಾಞಂಗಾಡಿನ ಹೊಸದುರ್ಗದ ತನಕ ಈ ಅಂಕಿಗಳು ಒಂದು ಡಿಗ್ರಿಯ ಆಚೀಚೆಗಿಂತ ಹೆಚ್ಚು ಬದಲಾಗುವುದಿಲ್ಲ.

ಈಗ ಕಂಬದ ಕೆಳಗಿನ ಡಿಶ್ಶನ್ನು ಊಹಿಸಿಕೊಳ್ಳಿ. 30 ಡಿಗ್ರಿ ಎತ್ತರದ ಉಪಗ್ರಹವಾದರೆ ಅದರ ದೃಷ್ಟಿರೇಖೆ ಒಂದು ಮೀಟರ್ ಮೇಲೇರುವಷ್ಟರಲ್ಲಿ ಕಂಬದಿಂದ 1.73 ಮೀಟರ್ ಮುಂದೆ ಹೋಗಿರುತ್ತದೆ. ಫ್ರೀ ಡಿಶ್‌ನ 64 ಡಿಗ್ರಿಯಲ್ಲಿ ಅದೇ ಒಂದು ಮೀಟರಿಗೆ ಮುಂದೆ ಹೋಗುವುದು 49 ಸೆಂಟಿಮೀಟರ್ ಮಾತ್ರ. ಟಾಟಾ ಪ್ಲೇಗೆ ಬರೀ 31 ಸೆಂಟಿಮೀಟರ್. 60 ಸೆಂಟಿಮೀಟರಿನ ಡಿಶ್, ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿ ಎಂಬ ಮೂತಿಯನ್ನು ಹೊತ್ತ ಕೈಯೊಂದಿಗೆ, ಕಂಬದಿಂದ ಅದಕ್ಕಿಂತ ಹೆಚ್ಚು ಹೊರಚಾಚುತ್ತದೆ. ಅಂದರೆ ಮೇಲಿನ ಡಿಶ್ ಕೆಳಗಿನದರ ನೆತ್ತಿಗೆ ಕೊಡೆ ಹಿಡಿದಂತೆ ನಿಲ್ಲುತ್ತದೆ. ತಪ್ಪಿಸಬೇಕಾದರೆ ಎರಡರ ನಡುವೆ ಒಂದೂವರೆ, ಎರಡು ಮೀಟರಿಗೂ ಮಿಕ್ಕಿದ ಅಂತರ ಬೇಕು. ಅಷ್ಟು ಎತ್ತರದ ಕಂಬ ನಮ್ಮ ಗಾಳಿಗೆ ನಿಲ್ಲಿಸುವುದು ಬೇರೆಯೇ ಕಷ್ಟ.

ಆದ್ದರಿಂದ ನಮ್ಮ ಊರಿಗೆ ಹೊಂದುವುದು ಏಣಿಯಂತಹ ಕಂಬವಲ್ಲ. ಅಡ್ಡತೋಳಿರುವ, ಶಿಲುಬೆಯಾಕಾರದ ಕಂಬ. ಡಿಶ್‌ಗಳು ಮೇಲೆ ಕೆಳಗೆ ಅಲ್ಲ, ಅಕ್ಕಪಕ್ಕ ನಿಲ್ಲಬೇಕು.

ಜಾಗ: ಮಾರ್ಚ್ ಮತ್ತು ಸೆಪ್ಟೆಂಬರಿನ ಬಿಸಿಲನ್ನು ಕೇಳಿ

ನಮ್ಮ ಮನೆಗಳ ಸುತ್ತ ತೆಂಗು, ಅಡಿಕೆ, ಹಲಸು ಇಲ್ಲದ ದಿಕ್ಕಿಲ್ಲ. ಉಪಗ್ರಹ ಎತ್ತರದಲ್ಲಿರುವುದು ಇಲ್ಲಿ ಉಪಕಾರವೇ. 20 ಮೀಟರ್ ಎತ್ತರದ ತೆಂಗು ಟಾಟಾ ಪ್ಲೇ ದಿಕ್ಕಿನಲ್ಲಿ ಕಂಬದಿಂದ ಏಳು ಮೀಟರ್ ದೂರವಿದ್ದರೆ ತೊಂದರೆ ಇಲ್ಲ. ಫ್ರೀ ಡಿಶ್‌ಗೆ ಹತ್ತು ಮೀಟರ್ ಸಾಲುತ್ತದೆ. ಏರ್‌ಟೆಲ್ ಬೇಕಾದರೆ ಪೂರ್ವಕ್ಕೆ ಹದಿನೇಳು, ಹದಿನೆಂಟು ಮೀಟರ್ ತೆರವಿರಬೇಕು. ಇದರ ಮೇಲೆ ಮಡಲು ಹರಡುವ ಅಗಲವನ್ನೂ, ಮರ ಇನ್ನೂ ಬೆಳೆಯುವುದನ್ನೂ ಸೇರಿಸಿಕೊಳ್ಳಿ. ಪೂರ್ವಕ್ಕೆ ತೋಟ ಅಂಟಿಕೊಂಡಿರುವ ಮನೆಯವರು ಕಂಪನಿ ಆರಿಸುವಾಗಲೇ ಇದನ್ನು ನೋಡಬೇಕು. ಸಂಪರ್ಕ ತೆಗೆದುಕೊಂಡ ಮೇಲೆ ಮರ ಕಡಿಯುವ ಮಾತು ಬರಬಾರದು.

ಅಳತೆಪಟ್ಟಿಗಿಂತ ನಂಬಬಹುದಾದ ಪರೀಕ್ಷೆ ಒಂದಿದೆ. ವರ್ಷಕ್ಕೆ ಎರಡು ಬಾರಿ, ಮಾರ್ಚ್ 15ರ ಆಸುಪಾಸಿನಲ್ಲಿ ಮತ್ತು ಸೆಪ್ಟೆಂಬರ್ 28, 29ರ ಹೊತ್ತಿಗೆ, ಸೂರ್ಯ ನಮ್ಮ ಕಣ್ಣಿಗೆ ಈ ಉಪಗ್ರಹಗಳ ಹಾದಿಯ ಮೇಲೆಯೇ ಸಾಗುತ್ತಾನೆ. ಆ ದಿನಗಳಲ್ಲಿ ಟಿವಿ ಕೆಲವು ನಿಮಿಷ ಚುಕ್ಕಿಚುಕ್ಕಿಯಾಗಿ ಹೋಗುವುದು ಇದರಿಂದಲೇ. ಮಾರ್ಚಿನಲ್ಲಿ ಕಾಸರಗೋಡಿನ ಆಕಾಶದಲ್ಲಿ ಸೂರ್ಯ 108.2ರ ಉಪಗ್ರಹದ ನೇರಕ್ಕೆ ಬರುವುದು ಬೆಳಗ್ಗೆ 10.05ರ ಹೊತ್ತಿಗೆ, 93.5ರ ನೇರಕ್ಕೆ 11.15ರ ಹೊತ್ತಿಗೆ, 83ರ ನೇರಕ್ಕೆ ಸರಿಸುಮಾರು 12 ಗಂಟೆಗೆ. ಸೆಪ್ಟೆಂಬರಿನಲ್ಲಿ ಎಲ್ಲವೂ ಹದಿನೆಂಟು ನಿಮಿಷ ಮೊದಲು. ಕಂಬ ನೆಡಬೇಕೆಂದಿರುವ ಜಾಗದಲ್ಲಿ ಡಿಶ್ ಬರುವ ಎತ್ತರಕ್ಕೆ ಒಂದು ಮೊರವನ್ನು ಹಿಡಿದು ನೋಡಿ. ಆ ಸಮಯಕ್ಕೆ ಮೊರದ ತುಂಬ ಬಿಸಿಲು ಬಿದ್ದರೆ ಹಾದಿ ತೆರವಾಗಿದೆ. ಗರಿಯ ನೆರಳು ಆಡಿದರೆ ಗಾಳಿ ಬಂದಾಗಲೆಲ್ಲ ಚಿತ್ರ ನಿಂತು ಹೋಗುತ್ತದೆ. ಸೂರ್ಯನನ್ನು ನೋಡಬೇಡಿ, ನೆರಳನ್ನು ನೋಡಿದರೆ ಸಾಕು.

ನವರಾತ್ರಿಯ ಹೊತ್ತಿಗೆ ಈ ಪರೀಕ್ಷೆ ಮಾಡಿ, ತುಲಾ ಮಾಸದ ಗುಡುಗುಮಳೆ ಮುಗಿದ ಮೇಲೆ, ಡಿಸೆಂಬರ್ ಜನವರಿಯಲ್ಲಿ ಕಾಂಕ್ರೀಟು ಹಾಕಿದರೆ ಕೆಲಸ ನೆಮ್ಮದಿಯಾಗಿ ಸಾಗುತ್ತದೆ.

ಟೆರೇಸಿನ ಮೇಲೆ ಕಬ್ಬಿಣದ ಶೀಟಿನ ಮಾಡು ಹಾಕಿಸಿದ ಮನೆಗಳು ಈಗ ಹೆಚ್ಚು. ಶೀಟಿನ ಅಡಿಯಲ್ಲಿ ಡಿಶ್ ಕೆಲಸ ಮಾಡುವುದಿಲ್ಲ. ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಮಾಡಿನ ಅಡಿಯಲ್ಲೂ ನೀರು ನಿಂತಾಗ ಸಿಗ್ನಲ್ ಸೊರಗುತ್ತದೆ. ಶೀಟಿನ ಮೇಲಕ್ಕೆ ಕಂಬ ಚಾಚಿಸಲು ಹೋದರೆ ತೂತಿನಿಂದ ಸೋರಿಕೆ, ಗಾಳಿಗೆ ಮಾಡೇ ಅಲುಗಾಡುವುದು. ಇಂಥ ಮನೆಗೂ, ಹಂಚಿನ ಮನೆಗೂ ನನ್ನ ಸಲಹೆ ಒಂದೇ: ಕಂಬವನ್ನು ಅಂಗಳದ ಬದಿಯಲ್ಲಿ ನೆಲಕ್ಕೆ ನೆಡಿ. ಉಪಗ್ರಹ ಎತ್ತರದಲ್ಲಿರುವಾಗ ಕಂಬ ಎತ್ತರವಿರಬೇಕಾದ ಅಗತ್ಯವೇ ಇಲ್ಲ. ತೆಂಗಿನ ಬುಡದಿಂದ ಮಾತ್ರ ದೂರವಿರಲಿ, ಕಾಯಿಯೋ ಮಡಲೋ ಬಿದ್ದರೆ ಡಿಶ್ ಸೊಟ್ಟಗಾಗುತ್ತದೆ. ಕರೆಂಟಿನ ತಂತಿಯ ಅಡಿಯಲ್ಲಿ, ಬದಿಯಲ್ಲಿ ಕಂಬ ಬೇಡ. ಪೈಪು ಎತ್ತಿ ನಿಲ್ಲಿಸುವಾಗ ಅದರ ತುದಿ ತಂತಿಗೆ ತಾಗಬಹುದಾದ ದೂರವನ್ನು ಮೊದಲೇ ಅಳೆಯಿರಿ.

ಕಂಬ ಮತ್ತು ತೋಳು

ನಡುವಿನ ಕಂಬಕ್ಕೆ 2 ಇಂಚಿನ ಮೀಡಿಯಂ ಕ್ಲಾಸ್ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ತೆಗೆದುಕೊಳ್ಳಿ. ಹೊರವ್ಯಾಸ 60.3 ಮಿಲಿಮೀಟರ್ ಇರುತ್ತದೆ. ಲೈಟ್ ಕ್ಲಾಸ್ ಅಗ್ಗವೆಂದು ತರಬೇಡಿ. ಉದ್ದ ಎರಡೂಕಾಲು ಮೀಟರ್: ಮುಕ್ಕಾಲು ಮೀಟರ್ ನೆಲದೊಳಗೆ, ಒಂದೂವರೆ ಮೀಟರ್ ಮೇಲೆ. ಅಡ್ಡತೋಳಿಗೆ ಒಂದೂವರೆ ಇಂಚಿನ ಜಿಐ ಪೈಪು, 1.8 ಮೀಟರ್. ಅದನ್ನು ನೆಲದಿಂದ 1.2 ಮೀಟರ್ ಎತ್ತರದಲ್ಲಿ ಕಂಬಕ್ಕೆ ಬೆಸುಗೆ ಹಾಕಿಸಿ, ಎರಡೂ ಬದಿಗೆ 45 ಡಿಗ್ರಿಯ ಆಸರೆ ಕೊಡಿಸಿ. ತೋಳಿನ ಎರಡೂ ತುದಿಯಲ್ಲಿ ಮತ್ತು ಕಂಬದ ತಲೆಯಲ್ಲಿ ಒಂದೊಂದು ಗಿಡ್ಡ ಪೈಪು ನೆಟ್ಟಗೆ ನಿಲ್ಲಬೇಕು, ಸುಮಾರು 35 ಸೆಂಟಿಮೀಟರ್ ಉದ್ದದ್ದು. ಡಿಶ್ ಕೂರುವುದು ಇವುಗಳ ಮೇಲೆ. ಗಿಡ್ಡ ಪೈಪಿನ ದಪ್ಪವನ್ನು ಅಂದಾಜಿನಿಂದ ಹೇಳಬೇಡಿ. ನಿಮ್ಮ ಡಿಶ್ ಜೊತೆ ಬಂದ ಸ್ಟ್ಯಾಂಡಿನ ಪೈಪನ್ನೇ ವೆಲ್ಡಿಂಗ್ ಅಂಗಡಿಗೆ ಒಯ್ದು ಅದೇ ಹೊರವ್ಯಾಸದ್ದನ್ನು ಹಾಕಿಸಿ. ಕ್ಲಾಂಪು ಹಿಡಿಯದಿದ್ದರೆ ಮುಂದಿನ ಕೆಲಸವೆಲ್ಲ ವ್ಯರ್ಥ.

ಬೆಸುಗೆ ಹಾಕಿದ ಜಾಗದಲ್ಲಿ ಸತುವಿನ ಲೇಪ ಸುಟ್ಟಿರುತ್ತದೆ. ಅಲ್ಲಿ ತಂತಿಬ್ರಷ್ಷಿನಿಂದ ಉಜ್ಜಿ ಸತುವಿನ ಪ್ರೈಮರ್ ಎರಡು ಕೈ ಹೊಡೆಯಿರಿ. ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಊರು ನಮ್ಮದು. ಉಪ್ಪಳ, ಕುಂಬಳೆಯ ಕಡಲ ಬದಿಯಲ್ಲಿ ಉಪ್ಪುಗಾಳಿಯೂ ಸೇರುತ್ತದೆ. ಪೈಪಿನ ತೆರೆದ ಬಾಯಿಗಳಿಗೆಲ್ಲ ಮುಚ್ಚಳ ಹಾಕಿ. ಬೋಲ್ಟು, ನಟ್ಟುಗಳು ಸ್ಟೇನ್‌ಲೆಸ್ ಸ್ಟೀಲಿನವಾದರೆ ಐದಾರು ಮಳೆಗಾಲದ ನಂತರವೂ ಬಿಚ್ಚಬಹುದು.

ಗಾಳಿಯ ಲೆಕ್ಕವನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಭಾರತೀಯ ಮಾನಕ ಐಎಸ್ 875 ಮಂಗಳೂರಿಗೂ ಕೋಝಿಕ್ಕೋಡಿಗೂ ಸೂಚಿಸುವ ಮೂಲ ಗಾಳಿವೇಗ ಸೆಕೆಂಡಿಗೆ 39 ಮೀಟರ್, ಅಂದರೆ ಗಂಟೆಗೆ 140 ಕಿಲೋಮೀಟರ್. ಆ ವೇಗದ ಗಾಳಿ ಮುಖಕ್ಕೆ ನೇರ ಬಡಿದರೆ 60 ಸೆಂಟಿಮೀಟರಿನ ಒಂದು ಡಿಶ್ಶಿನ ಮೇಲೆ ಮೂವತ್ತು ಕಿಲೋ ಮೀರಿದ ತಳ್ಳುಬಲ ಬೀಳುತ್ತದೆ. ಮೂರು ಡಿಶ್ ಸೇರಿದರೆ ನೂರು ಕಿಲೋ. ಒಂದೂವರೆ ಮೀಟರ್ ಎತ್ತರಕ್ಕೆ 2 ಇಂಚಿನ ಪೈಪು ಇದನ್ನು ತಡೆಯುತ್ತದೆ. ಎರಡೂವರೆ ಮೀಟರಿಗೆ ಏರಿಸಿದರೆ ಬಾಗುತ್ತದೆ. 90 ಸೆಂಟಿಮೀಟರಿನ ಡಿಶ್ ಹಾಕಿದರೆ ಮಳೆಯಲ್ಲಿ ಸಿಗ್ನಲ್ ಹೆಚ್ಚು ಹೊತ್ತು ನಿಲ್ಲುವುದು ನಿಜ, ಆದರೆ ಗಾಳಿಗೆ ಒಡ್ಡುವ ಮೈ ಎರಡೂಕಾಲು ಪಟ್ಟಾಗುತ್ತದೆ. ಹಾಕುವುದಾದರೆ ಒಂದನ್ನು ಮಾತ್ರ, ನಡುವಿನ ಕಂಬದ ಮೇಲೆಯೇ ಹಾಕಿ, ಮತ್ತು ತೋಳನ್ನು ಎರಡೂ ಬದಿಗೆ ಇಪ್ಪತ್ತು ಸೆಂಟಿಮೀಟರ್ ಉದ್ದ ಮಾಡಿಸಿ.

ತೋಳು ಯಾವ ದಿಕ್ಕಿಗೆ

ಅವಸರದಲ್ಲಿ ಬಿಟ್ಟುಹೋಗುವ ವಿಷಯ ಇದೇ. ನಮ್ಮ ಡಿಶ್‌ಗಳೆಲ್ಲ ನೋಡುವುದು ಆಗ್ನೇಯದ ಕಡೆಗೆ. ತೋಳನ್ನೂ ಆಗ್ನೇಯಕ್ಕೆ ಚಾಚಿಸಿದರೆ ಮುಂದಿನ ಡಿಶ್ ಹಿಂದಿನದಕ್ಕೆ ಅಡ್ಡವಾಗುತ್ತದೆ. ತೋಳು ಈ ನೋಟಕ್ಕೆ ಅಡ್ಡವಾಗಿ, ಅಂದರೆ ಈಶಾನ್ಯದಿಂದ ನೈಋತ್ಯಕ್ಕೆ ನಿಲ್ಲಬೇಕು.

ಯಾವ ಡಿಶ್ ಯಾವ ತುದಿಗೆ ಎಂಬುದಕ್ಕೂ ಕ್ರಮವಿದೆ. ಹೆಚ್ಚು ಪೂರ್ವಕ್ಕೆ ನೋಡುವುದು ಈಶಾನ್ಯದ ತುದಿಗೆ, ಹೆಚ್ಚು ದಕ್ಷಿಣಕ್ಕೆ ನೋಡುವುದು ನೈಋತ್ಯದ ತುದಿಗೆ. ಏರ್‌ಟೆಲ್, ಫ್ರೀ ಡಿಶ್, ಟಾಟಾ ಪ್ಲೇ ಮೂರೂ ಇದ್ದರೆ ಈಶಾನ್ಯದಲ್ಲಿ ಏರ್‌ಟೆಲ್, ನಡುವೆ ಫ್ರೀ ಡಿಶ್, ನೈಋತ್ಯದಲ್ಲಿ ಟಾಟಾ ಪ್ಲೇ. ಹೀಗಿಟ್ಟರೆ ಮೂರರ ನೋಟವೂ ಬಿಚ್ಚಿಕೊಂಡು ಹೋಗುತ್ತದೆ. ತಿರುಗಾಮುರುಗಾ ಇಟ್ಟರೆ ಒಂದರ ಹಾದಿಯಲ್ಲಿ ಮತ್ತೊಂದರ ಎಲ್‌ಎನ್‌ಬಿ ಬರುತ್ತದೆ. ಡಿಶ್‌ಗಳ ನಡುವಿನಿಂದ ನಡುವಿಗೆ 90 ಸೆಂಟಿಮೀಟರ್ ಅಂತರ 60ರ ಡಿಶ್‌ಗೆ ಸಾಕು.

ನೆಡುವುದು

ಮುರಕಲ್ಲಿನ ನೆಲ ಅಗೆಯಲು ಕಷ್ಟ, ಆದರೆ ಕಂಬ ಹಿಡಿಯಲು ಅದಕ್ಕಿಂತ ಒಳ್ಳೆಯ ನೆಲವಿಲ್ಲ. ಅಲ್ಲಿ 45 ಸೆಂಟಿಮೀಟರ್ ಚೌಕದ, 75 ಸೆಂಟಿಮೀಟರ್ ಆಳದ ಗುಂಡಿ ಸಾಕು. ತೋಟದ ಬದಿಯ ಮೆತ್ತನೆ ಮಣ್ಣಿನಲ್ಲಾದರೆ 60 ಸೆಂಟಿಮೀಟರ್ ಚೌಕ, 90 ಆಳ. ಪೈಪಿನ ಉದ್ದವನ್ನೂ ಅಷ್ಟೇ ಹೆಚ್ಚಿಸಿ. ಪೈಪಿನ ಬುಡದಲ್ಲಿ ಅಡ್ಡಲಾಗಿ ಎರಡು ಸರಳಿನ ತುಂಡು ಬೆಸುಗೆ ಹಾಕಿಸಿದರೆ ಕಂಬ ಕಾಂಕ್ರೀಟಿನೊಳಗೆ ತಿರುಗುವುದಿಲ್ಲ. ಒಂದು ಸಿಮೆಂಟು, ಎರಡು ಮರಳು, ನಾಲ್ಕು ಜಲ್ಲಿ. ಕಾಂಕ್ರೀಟು ನೆಲಕ್ಕಿಂತ ನಾಲ್ಕು ಬೆರಳು ಮೇಲೆ ಬಂದು ಸುತ್ತಲೂ ಇಳಿಜಾರಾಗಲಿ, ಬುಡದಲ್ಲಿ ನೀರು ನಿಂತರೆ ಪೈಪು ಅಲ್ಲಿಯೇ ತಿನ್ನಿಹೋಗುತ್ತದೆ.

ಹಸಿ ಇರುವಾಗಲೇ ತೋಳಿನ ದಿಕ್ಕನ್ನು ದಿಕ್ಸೂಚಿಯಿಂದ ನೋಡಿಕೊಳ್ಳಿ. ದಿಕ್ಸೂಚಿಯನ್ನಾಗಲಿ ಮೊಬೈಲನ್ನಾಗಲಿ ಕಂಬದ ಹತ್ತಿರ ಹಿಡಿಯಬೇಡಿ, ಕಬ್ಬಿಣ ಅದನ್ನು ದಾರಿ ತಪ್ಪಿಸುತ್ತದೆ. ಮೂರು ಮೀಟರ್ ದೂರ ನಿಂತು ಕಂಬವನ್ನು ನೋಡಿ. ನಂತರ ರಸಮಟ್ಟ ಅಥವಾ ತೂಕುಗುಂಡು. ಎರಡು ಬದಿಯಿಂದ, ಮೂರೂ ಗಿಡ್ಡ ಪೈಪುಗಳು ನೆಟ್ಟಗಿವೆಯೇ ಎಂದು ಪರೀಕ್ಷಿಸಿ. ಗಿಡ್ಡ ಪೈಪು ವಾಲಿದ್ದರೆ ಡಿಶ್ಶನ್ನು ಎಡಬಲಕ್ಕೆ ತಿರುಗಿಸಿದಾಗ ಎತ್ತರವೂ ತಾನಾಗಿ ಬದಲಾಗುತ್ತದೆ, ಟ್ಯೂನಿಂಗಿನಲ್ಲಿ ಗಂಟೆಗಟ್ಟಲೆ ಹೋಗುತ್ತದೆ. ಒಂದು ವಾರ ನೀರು ಹಾಕಿ ಬಿಡಿ. ಡಿಶ್ ಕಟ್ಟುವ ಅವಸರ ಬೇಡ.

ಟೆರೇಸಿನ ಮೇಲೆಯೇ ಹಾಕಬೇಕಾದವರು ಸ್ಲ್ಯಾಬಿಗೆ ತೂತು ಕೊರೆಯಬಾರದು. ಕಾಂಕ್ರೀಟಿನ ಕಂಬ ಅಥವಾ ಬೀಮಿನ ಬದಿಗೆ ಎರಡು ಕ್ಲಾಂಪಿನಿಂದ, ಅರ್ಧ ಮೀಟರ್ ಅಂತರ ಕೊಟ್ಟು ಬಿಗಿಯಿರಿ. ಮುರಕಲ್ಲಿನ ಗೋಡೆಯಲ್ಲಿ ಆಂಕರ್ ಬೋಲ್ಟು ನಂಬಿಕೆಗೆ ಯೋಗ್ಯವಲ್ಲ. ಕಲ್ಲು ಪುಡಿಯಾಗಿ ಸಡಿಲುತ್ತದೆ. ಗೋಡೆಯ ಆರುಪಾರು ಹೋಗುವ ಉದ್ದ ಬೋಲ್ಟು, ಆಚೆ ಬದಿಗೆ ಅಂಗೈ ಅಗಲದ ಕಬ್ಬಿಣದ ತಗಡು: ಇದೊಂದೇ ದಾರಿ.

ತಿರುಗಿಸಿ ಹಿಡಿಯುವುದು

ಮೂರೂ ಡಿಶ್‌ಗಳನ್ನು ಮೊದಲು ಕೂರಿಸಿ, ಆಮೇಲೆ ಟ್ಯೂನಿಂಗಿಗೆ ಇಳಿಯಿರಿ. ಒಂದನ್ನು ಸರಿಮಾಡಿ ಮತ್ತೊಂದನ್ನು ಹೇರಿದರೆ ತೋಳು ಕೂದಲೆಳೆಯಷ್ಟು ಬಾಗಿದರೂ ಮೊದಲನೆಯದು ಕೆಡುತ್ತದೆ.

ನಡುವಿನ ಫ್ರೀ ಡಿಶ್‌ನಿಂದ ಆರಂಭಿಸುವುದು ಒಳ್ಳೆಯದು, ಅದಕ್ಕೆ ಯಾರ ಅನುಮತಿಯೂ ರೀಚಾರ್ಜೂ ಬೇಡ. ಡಿಶ್ಶಿನ ಹಿಂದಿನ ಮಾಪಕದಲ್ಲಿ 64 ಇಡಿ. ಡಿಶ್ಶಿನ ಮುಖ ಅಷ್ಟು ಮೇಲೆ ನೋಡುವಂತೆ ಕಾಣುವುದಿಲ್ಲ, ಅದಕ್ಕೆ ಗಾಬರಿ ಬೇಡ. ನಮ್ಮ ಡಿಶ್‌ಗಳು ಆಫ್‌ಸೆಟ್ ಮಾದರಿಯವು, ಮುಖ ಇಪ್ಪತ್ತಕ್ಕೂ ಹೆಚ್ಚು ಡಿಗ್ರಿ ತಗ್ಗಿಯೇ ಇರುತ್ತದೆ, ಮಾಪಕದಲ್ಲಿ ಆ ಲೆಕ್ಕ ಸೇರಿದೆ. ದಿಕ್ಕನ್ನು 123ರ ಹತ್ತಿರ ತಂದು, ಬಾಕ್ಸಿನ ಸಿಗ್ನಲ್ ಪರದೆ ತೆರೆದು, ಡಿಶ್ಶನ್ನು ಬೆರಳಗಲದಷ್ಟು ಸರಿಸುತ್ತಾ, ಪ್ರತಿ ಸಲ ಎರಡು ಮೂರು ಸೆಕೆಂಡು ನಿಲ್ಲಿಸಿ. ನೋಡಬೇಕಾದುದು ಸ್ಟ್ರೆಂತ್ ಅಲ್ಲ, ಕ್ವಾಲಿಟಿ. ಸ್ಟ್ರೆಂತ್ ಎಲ್‌ಎನ್‌ಬಿಗೆ ವಿದ್ಯುತ್ ಹೋದರೆ ಸಾಕು, ಏರಿ ನಿಲ್ಲುತ್ತದೆ.

ಇಲ್ಲಿ ಒಂದು ಎಚ್ಚರ. 91.5, 93.5, 95 ಡಿಗ್ರಿಗಳಲ್ಲಿ ಬೇರೆ ಬೇರೆ ಉಪಗ್ರಹಗಳಿವೆ, 60 ಸೆಂಟಿಮೀಟರಿನ ಡಿಶ್ಶಿನ ನೋಟದ ಅಗಲವೇ ಸುಮಾರು ಮೂರು ಡಿಗ್ರಿ. ಪಕ್ಕದ ಉಪಗ್ರಹ ಸಿಕ್ಕಿ ಅದೇ ಸರಿ ಎಂದು ಬಿಗಿದುಬಿಡುವುದು ಸುಲಭ. ಚಾನೆಲ್ ಸ್ಕ್ಯಾನ್ ಮಾಡಿ ಚಂದನ ಬಂತೇ ನೋಡಿ, ಆಮೇಲೆ ಬಿಗಿಯಿರಿ. ಬಾಕ್ಸಿನ ಎಲ್‌ಎನ್‌ಬಿ ಆಯ್ಕೆಯಲ್ಲಿ ಯೂನಿವರ್ಸಲ್, 9750 ಮತ್ತು 10600 ಇರಲಿ.

ಎಲ್‌ಎನ್‌ಬಿಯನ್ನು ಅದರ ಹಿಡಿಕೆಯೊಳಗೆ ತಿರುಗಿಸುವುದನ್ನು ಅನೇಕರು ಮರೆಯುತ್ತಾರೆ. ಭೂಮಧ್ಯರೇಖೆಗೆ ಹತ್ತಿರವಿರುವ ಊರುಗಳಲ್ಲಿ ಈ ತಿರುವು ದೊಡ್ಡದು. ಅರ್ಧ ಚಾನೆಲ್ ಬಂದು ಅರ್ಧ ಬರದಿದ್ದರೆ ಮೊದಲು ಅನುಮಾನಿಸಬೇಕಾದುದು ಇದನ್ನೇ. ಸ್ಕ್ರೂ ಸಡಿಲಿಸಿ ನಿಧಾನವಾಗಿ ಎರಡೂ ಕಡೆ ತಿರುಗಿಸಿ, ಕ್ವಾಲಿಟಿ ಅತಿ ಹೆಚ್ಚು ಇರುವಲ್ಲಿ ನಿಲ್ಲಿಸಿ.

ಇದೇ ಕ್ರಮದಲ್ಲಿ ಉಳಿದ ಎರಡು. ಬಿಗಿಯುವಾಗ ಒಂದು ಬೋಲ್ಟನ್ನು ಪೂರ್ತಿ ತಿರುಚಬೇಡಿ, ಎರಡು ಬದಿಗೂ ಸ್ವಲ್ಪಸ್ವಲ್ಪವೇ, ಪರದೆ ನೋಡುತ್ತಾ. ಮುಗಿದ ಮೇಲೆ ಪೈಪಿನ ಮೇಲೂ ಕ್ಲಾಂಪಿನ ಮೇಲೂ ಸೇರುವಂತೆ ಬಣ್ಣದ ಗೆರೆ ಎಳೆಯಿರಿ. ಗಾಳಿಗೆ ತಿರುಗಿದರೆ ಗೆರೆ ಜೋಡಿಸಿದರಾಯಿತು, ಮೆಕ್ಯಾನಿಕ್ ಬರುವ ತನಕ ಕಾಯಬೇಕಾಗಿಲ್ಲ.

ಕೇಬಲ್ಲು, ಸಿಡಿಲು

ಪ್ರತಿ ಡಿಶ್ಶಿಗೂ ಬೇರೆ ಆರ್‌ಜಿ-6 ಕೇಬಲ್. ಎರಡೂ ತುದಿಗೆ ಹೆಸರಿನ ಚೀಟಿ ಅಂಟಿಸಿ. ಎರಡು ಟಿವಿಗೆ ಒಂದೇ ಉಪಗ್ರಹ ಬೇಕಾದರೆ ಎರಡು ಬಾಯಿಯ ಎಲ್‌ಎನ್‌ಬಿ ಹಾಕಿ, ಕೇಬಲ್ಲನ್ನು ನಡುವೆ ಸೀಳಬೇಡಿ. ಒಂದು ಬಾಕ್ಸಿನಿಂದ ಹಲವು ಡಿಶ್ ನೋಡುವ ಡೈಸೆಕ್ ಸ್ವಿಚ್ಚು ಫ್ರೀ ಬಾಕ್ಸುಗಳಿಗೆ ಸರಿ, ಕಂಪನಿಗಳ ಬಾಕ್ಸಿಗೆ ನೇರ ಕೇಬಲ್ಲೇ ಇರಲಿ. ಎಲ್‌ಎನ್‌ಬಿಯ ಕನೆಕ್ಟರಿಗೆ ರಬ್ಬರ್ ತೊಡಿಸಿ, ಕೇಬಲ್ ಅಲ್ಲಿಂದ ಕೆಳಗೆ ಒಂದು ಕುಣಿಕೆಯಾಗಿ ಇಳಿಯಲಿ, ನೀರು ಅಲ್ಲಿಯೇ ತೊಟ್ಟಿಕ್ಕುತ್ತದೆ. ಅಂಗಳ ದಾಟುವಲ್ಲಿ ಪಿವಿಸಿ ಪೈಪಿನೊಳಗೆ ನೆಲದಡಿ ಒಯ್ಯಿರಿ. ತೂಗುಬಿಟ್ಟರೆ ಮಡಲು ಬಿದ್ದು ಹರಿಯುತ್ತದೆ.

ನಮ್ಮ ಸಿಡಿಲು ಬರುವುದು ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ಮತ್ತು ಅಕ್ಟೋಬರ್, ನವೆಂಬರಿನಲ್ಲಿ. ಮೂರು ಡಿಶ್ ಹೊತ್ತ ಕಬ್ಬಿಣದ ಕಂಬದಿಂದ ಮೂರು ತಂತಿ ಮನೆಯೊಳಗೆ ಬರುತ್ತವೆ ಎಂಬುದನ್ನು ಮರೆಯಬಾರದು. ಕಂಬದ ಬುಡದಿಂದ ಗಟ್ಟಿ ತಾಮ್ರದ ಅಥವಾ ಜಿಐ ತಂತಿಯನ್ನು ಅರ್ಥ್ ಗುಂಡಿಗೆ ಜೋಡಿಸಿ, ಅದನ್ನು ಮನೆಯ ಅರ್ಥಿಂಗಿನೊಂದಿಗೂ ಸೇರಿಸಿ. ಈ ಭಾಗವನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಅರ್ಥಿಂಗ್ ಇದ್ದರೂ ಹತ್ತಿರ ಬಿದ್ದ ಸಿಡಿಲಿನಿಂದ ಬಾಕ್ಸು ಉಳಿಯುತ್ತದೆಂಬ ಭರವಸೆ ಇಲ್ಲ. ಮೋಡ ಕವಿಯುವಾಗಲೇ ಪ್ಲಗ್ಗೂ ಡಿಶ್ ಕೇಬಲ್ಲೂ ಎರಡನ್ನೂ ಕಳಚಬೇಕು. ಗುಡುಗು ಆರಂಭವಾದ ಮೇಲೆ ಕೇಬಲ್ ಮುಟ್ಟಲು ಹೋಗಬೇಡಿ. ಮನೆಯಲ್ಲಿ ವಯಸ್ಸಾದವರಷ್ಟೇ ಇರುವುದಾದರೆ ಮೂರೂ ಕೇಬಲ್ಲಿನ ತುದಿಗಳನ್ನು ಬಗ್ಗದೆ ಕೈಗೆಟಕುವ ಎತ್ತರದಲ್ಲಿ, ಒಂದೇ ಹಲಗೆಯ ಮೇಲೆ ತಂದು ಕೂರಿಸಿ.

ಮೇ ಕೊನೆಯಲ್ಲಿ ಬರುವ ಪತ್ತನಾಜೆಗೆ ಮೊದಲು ವರ್ಷಕ್ಕೊಮ್ಮೆ ಬೋಲ್ಟುಗಳನ್ನು ಬಿಗಿದು, ತುಕ್ಕು ಕಂಡಲ್ಲಿ ಬಣ್ಣ ಬಳಿದು, ಎಲ್‌ಎನ್‌ಬಿಯ ಮೂತಿಯ ಮುಚ್ಚಳ ಒಡೆದಿದೆಯೇ ನೋಡಿ. ಬಿಸಿಲಿಗೆ ಅದು ಬಿರಿಯುತ್ತದೆ, ಬಿರುಕಿನಿಂದ ಇರುವೆಯೂ ನೀರೂ ಒಳಸೇರುತ್ತವೆ. ಪೂರ್ವದ ತೆಂಗಿನ ಸಸಿ ಎಷ್ಟು ಎತ್ತರ ಬಂದಿದೆ ಎಂದು ಅದೇ ದಿನ ಒಮ್ಮೆ ತಲೆಯೆತ್ತಿ ನೋಡಿ.